ಹೊರ ಗ್ರಹಗಳ ನೌಕೆಗೆ ಆದೇಶ ಕೊಡುವುದು ಹೇಗೆ? 9ನೇ ತರಗತಿಗೆ ಎರಡು ಅವಧಿಗಳ ಒಂದು ಪಾಠ

ಪೀಠಿಕೆ

ಬಾಹ್ಯಾಕಾಶದ ವಿಷಯ ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಹೆಸರು ಮತ್ತು ಇಸವಿಗಳ ಪಟ್ಟಿಯಾಗಿ ಮುಗಿದುಹೋಗುತ್ತದೆ. ಯಾವ ನೌಕೆ, ಯಾವ ವರ್ಷ, ಯಾವ ಗ್ರಹ ಎಂದು ಕೇಳುತ್ತೇವೆ. ವಿದ್ಯಾರ್ಥಿಗಳು ಉತ್ತರಿಸುತ್ತಾರೆ, ರಸಪ್ರಶ್ನೆಯಲ್ಲಿ ಅಂಕವೂ ಬರುತ್ತದೆ. ಆದರೆ ಹಡಗೂ ವಿಮಾನವೂ ಹೋಗಲಾಗದ ದೂರದಲ್ಲಿರುವ ಒಂದು ಯಂತ್ರವನ್ನು ಹತ್ತಾರು ವರ್ಷ ಕೆಲಸ ಮಾಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನಿಜವಾದ ವಿಜ್ಞಾನ ಇರುವುದು ಆ ಪ್ರಶ್ನೆಯಲ್ಲಿ. ಬೆಳಕಿನ ವೇಗ, ಜಡತ್ವದ ನಿಯಮ, ಶಕ್ತಿಯ ಮಿತವ್ಯಯ, ಷರತ್ತುಬದ್ಧ ಆಲೋಚನೆ ಎಲ್ಲವೂ ಅಲ್ಲಿ ಒಟ್ಟಿಗೆ ಬರುತ್ತವೆ.

ಬೋಧನಾಭ್ಯಾಸದ ಅವಧಿಯಲ್ಲಿ ಬೈಂದೂರು ತಾಲ್ಲೂಕಿನ ಕರಾವಳಿಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ 9ನೇ ತರಗತಿಗೆ ಈ ವಿಷಯವನ್ನು ಎರಡು ಅವಧಿಗಳ ಪಾಠವಾಗಿ ಮಾಡಿದೆ. ಸ್ಮಾರ್ಟ್ ಬೋರ್ಡ್, ಇಂಟರ್‌ನೆಟ್ ಯಾವುದೂ ಬೇಕಾಗಲಿಲ್ಲ. ಕಾಗದದ ಚೀಟಿಗಳು, ಒಂದು ಗಡಿಯಾರ, ಶಾಲೆಯ ಜಗಲಿ ಇಷ್ಟೇ ಸಾಮಗ್ರಿ. ಪಾಠದ ಯೋಜನೆ, ನಡೆದ ರೀತಿ ಮತ್ತು ಗಮನಿಸಿದ ಅಂಶಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ದೂರವನ್ನು ಬೆಳಕಿನ ವೇಗದಿಂದ ಭಾಗಿಸಿ ಸಂಕೇತದ ವಿಳಂಬವನ್ನು ಲೆಕ್ಕ ಹಾಕುವರು.
2. ದೂರದ ನೌಕೆಯನ್ನು ನೇರವಾಗಿ ಚಲಾಯಿಸಲು ಏಕೆ ಸಾಧ್ಯವಿಲ್ಲ ಎಂಬುದನ್ನು ವಿವರಿಸುವರು.
3. 'ಹೀಗಾದರೆ ಹೀಗೆ ಮಾಡು' ಎಂಬ ಷರತ್ತಿನ ಆದೇಶಗಳನ್ನು ಸ್ವತಃ ಬರೆಯುವರು.
4. ಸೀಮಿತ ವಿದ್ಯುತ್ತನ್ನು ಯಾವುದಕ್ಕೆ ಕೊಡಬೇಕು ಎಂದು ಕಾರಣ ಸಹಿತ ನಿರ್ಧರಿಸುವರು.

ಪೂರ್ವಜ್ಞಾನ ಪರೀಕ್ಷೆ

'ಮಂಗಳ ಗ್ರಹದ ಹತ್ತಿರ ಇರುವ ನೌಕೆಯನ್ನು ವಿಜ್ಞಾನಿಗಳು ಹೇಗೆ ನಡೆಸುತ್ತಾರೆ?' ಎಂದು ಕೇಳಿ ಎರಡು ವಾಕ್ಯದ ಉತ್ತರ ಬರೆಸಿದೆ. ಉತ್ತರಗಳಲ್ಲಿ ಮೂರು ತಪ್ಪು ಕಲ್ಪನೆಗಳು ಮತ್ತೆ ಮತ್ತೆ ಕಂಡವು. ಒಂದು, ವಿಜ್ಞಾನಿಗಳು ಪರದೆಯಲ್ಲಿ ನೇರಪ್ರಸಾರ ನೋಡುತ್ತಾ ರಿಮೋಟ್‌ನಿಂದ ತಿರುಗಿಸುತ್ತಾರೆ. ಎರಡು, ರೇಡಿಯೊ ಅಂದರೆ ಶಬ್ದ, ಆದ್ದರಿಂದ ಅದು ಶಬ್ದದ ವೇಗದಲ್ಲಿ ಹೋಗುತ್ತದೆ. ಮೂರು, ದಾರಿಯುದ್ದಕ್ಕೂ ಇಂಜಿನ್ ಉರಿಯುತ್ತಲೇ ಇರುತ್ತದೆ.

ಈ ಮೂರೂ ದಿನನಿತ್ಯದ ಅನುಭವದಿಂದ ಬಂದ ತರ್ಕವೇ. ಟಿ.ವಿ. ರಿಮೋಟ್ ಒತ್ತಿದ ಕ್ಷಣ ಚಾನೆಲ್ ಬದಲಾಗುತ್ತದೆ, ರೇಡಿಯೊದಿಂದ ಕೇಳುವುದು ಶಬ್ದ, ಬೈಕಿನ ಇಂಜಿನ್ ಆರಿಸಿದರೆ ಬೈಕ್ ನಿಲ್ಲುತ್ತದೆ. ಹಾಗಾಗಿ 'ತಪ್ಪು' ಎಂದು ಹೇಳಿ ಮುಂದೆ ಹೋಗದೆ, ಮೂರನ್ನೂ ಕಪ್ಪು ಹಲಗೆಯ ಒಂದು ಬದಿಯಲ್ಲಿ ಬರೆದು ಪಾಠ ಮುಗಿಯುವವರೆಗೆ ಉಳಿಸಿಕೊಂಡೆ.

ತೊಡಗಿಸಿಕೊಳ್ಳುವಿಕೆ: ಗಂಗೊಳ್ಳಿಯಿಂದ ಹೊರಡುವ ದೋಣಿ

ತರಗತಿಯ ಹಲವು ಮಕ್ಕಳ ಮನೆಯವರು ಮೀನುಗಾರಿಕೆಯಲ್ಲಿದ್ದಾರೆ. 'ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋಗುವ ದೋಣಿ ಹೊರಡುವ ಮೊದಲು ಏನೇನು ತುಂಬಿಸಿಕೊಳ್ಳುತ್ತದೆ?' ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಡೀಸೆಲ್, ಮಂಜುಗಡ್ಡೆ, ಕುಡಿಯುವ ನೀರು, ಅಕ್ಕಿ, ಬಲೆ ಎಂದು ಪಟ್ಟಿ ಬೆಳೆಯಿತು. 'ಬಲೆ ಎಲ್ಲಿ ಬಿಡಬೇಕು ಎಂದು ದಡದಲ್ಲಿರುವ ಮಾಲೀಕರು ಪ್ರತಿ ಸಲ ಹೇಳುತ್ತಾರೆಯೇ?' ಎಂದಾಗ, ಇಲ್ಲ, ಅದನ್ನು ತಾಂಡೇಲರೇ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಬಂತು. ಇಲ್ಲಿಂದ ಎರಡು ಅಂಶ ಹೊರಟವು. ದೂರ ಹೋಗುವವನಿಗೆ ಬೇಕಾದ್ದೆಲ್ಲ ಹೊರಡುವ ಮೊದಲೇ ಸಿದ್ಧವಿರಬೇಕು. ಅಲ್ಲಿಯ ನಿರ್ಧಾರವನ್ನು ಅಲ್ಲಿರುವವರೇ ತೆಗೆದುಕೊಳ್ಳಬೇಕು.

ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು: 'ದೋಣೀಲಿ ತಾಂಡೇಲ್ರ್ ಇರ್ತ್ರ್. ನೌಕೆಲಿ ಜನವೇ ಇಲ್ಲ. ಹಂಗಾರೆ ಅದ್ ಯಾರತ್ರ ಕೇಂಬುದ್ ಟೀಚರ್?' ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಹಲಗೆಯ ಮೇಲೆ ಬರೆದೆ. ಮುಂದಿನ ಎರಡು ಅವಧಿಗಳ ಕೆಲಸ ಅದಕ್ಕೆ ಉತ್ತರ ಹುಡುಕುವುದೇ ಆಯಿತು.

ಪರಿಶೋಧನೆ 1: ವಿಳಂಬದ ಲೆಕ್ಕ

ರೇಡಿಯೊ ತರಂಗವೂ ಬೆಳಕಿನಂತೆ ವಿದ್ಯುತ್ಕಾಂತೀಯ ತರಂಗ. ನಿರ್ವಾತದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ, ನಿರ್ವಾತದಲ್ಲಿ ಹೋಗುವುದೇ ಇಲ್ಲ. ಇಷ್ಟು ಹೇಳಿ, ಸೂರ್ಯನಿಂದ ಹೊರ ಗ್ರಹಗಳ ಸರಾಸರಿ ದೂರಗಳನ್ನು ಕೊಟ್ಟು ಗುಂಪುಗಳಿಂದ ಲೆಕ್ಕ ಮಾಡಿಸಿದೆ.

ಗುರು: 77.8 ಕೋಟಿ ಕಿ.ಮೀ., ಸುಮಾರು 43 ನಿಮಿಷ
ಶನಿ: 143 ಕೋಟಿ ಕಿ.ಮೀ., ಸುಮಾರು 1 ಗಂಟೆ 19 ನಿಮಿಷ
ಯುರೇನಸ್: 287 ಕೋಟಿ ಕಿ.ಮೀ., ಸುಮಾರು 2 ಗಂಟೆ 39 ನಿಮಿಷ
ನೆಪ್ಚೂನ್: 450 ಕೋಟಿ ಕಿ.ಮೀ., ಸುಮಾರು 4 ಗಂಟೆ 10 ನಿಮಿಷ

ಭೂಮಿಯಿಂದ ಲೆಕ್ಕ ಹಾಕಿದರೆ, ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದರ ಮೇಲೆ ಸುಮಾರು 8 ನಿಮಿಷ ಹೆಚ್ಚು ಕಡಿಮೆ ಆಗುತ್ತದೆ ಎಂಬುದನ್ನೂ ತಿಳಿಸಬೇಕು. ಇದು ಒಂದು ಕಡೆಯ ಸಮಯ. ಆದೇಶ ಹೋಗಿ ಉತ್ತರ ಬರಲು ಇದರ ಎರಡರಷ್ಟು ಬೇಕು. ನೆಪ್ಚೂನ್ ಬಳಿಯ ನೌಕೆಗೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಪ್ರಶ್ನೆ ಕಳುಹಿಸಿದರೆ, ಸಂಜೆ ಶಾಲೆ ಬಿಟ್ಟು ಮನೆ ಸೇರಿದ ಮೇಲೆ ಉತ್ತರ ಬರುತ್ತದೆ ಎಂದು ಒಂದು ಗುಂಪು ತಾನಾಗಿಯೇ ಹೇಳಿತು. 'ಕೋಟಿ'ಯಲ್ಲಿ ಎಷ್ಟು ಸೊನ್ನೆ ಎಂಬಲ್ಲಿ ಕೆಲವರು ತಡವರಿಸಿದ್ದರಿಂದ, ದೂರಗಳನ್ನು ಘಾತ ರೂಪದಲ್ಲಿ ಒಮ್ಮೆ ಬರೆಸಿ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಪರಿಶೋಧನೆ 2: ಜಗಲಿಯ ಆಟ

ಜಗಲಿಯ ಒಂದು ತುದಿಯಲ್ಲಿ ಒಬ್ಬ ವಿದ್ಯಾರ್ಥಿ 'ನೌಕೆ'. ಅವನ ಮುಂದೆ ಮೂರು ಬೆಂಚುಗಳ ಅಡ್ಡಿ, ಅದರಾಚೆ ಒಂದು ಕುರ್ಚಿ, ಅದೇ 'ಗ್ರಹ'. ನಿಯಂತ್ರಣ ತಂಡ ಕೋಣೆಯ ಒಳಗಿರುತ್ತದೆ, ನೌಕೆ ಕಾಣುವುದಿಲ್ಲ. ಇಬ್ಬರ ನಡುವೆ ಚೀಟಿ ಒಯ್ಯುವ ಒಬ್ಬ ದೂತ. ದೂತ ಹೋಗುವಾಗಲೂ ಬರುವಾಗಲೂ ಮಧ್ಯದ ಕಂಬದ ಬಳಿ ಒಂದು ನಿಮಿಷ ನಿಲ್ಲಬೇಕು. ನೌಕೆ ಚೀಟಿಯಲ್ಲಿ ಇರುವುದನ್ನು ಮಾತ್ರ ಮಾಡಬೇಕು.

ಮೊದಲ ತಂಡಕ್ಕೆ ಒಂದು ಚೀಟಿಯಲ್ಲಿ ಒಂದೇ ಆದೇಶ. 'ಮೂರು ಹೆಜ್ಜೆ ಮುಂದೆ' ಎಂದು ಬರೆದು ಕಳುಹಿಸಿ, 'ಬೆಂಚು ತಾಗಿತು' ಎಂಬ ಉತ್ತರಕ್ಕೆ ಎರಡು ನಿಮಿಷ ಕಾಯಬೇಕು. ಹತ್ತು ಆದೇಶಕ್ಕೆ ಇಪ್ಪತ್ತು ನಿಮಿಷ, ಅಂದರೆ ಅರ್ಧ ಅವಧಿ. ಆ ತಂಡ ಕುರ್ಚಿಯನ್ನು ಮುಟ್ಟಲಿಲ್ಲ.

ಎರಡನೇ ತಂಡಕ್ಕೆ ಒಂದೇ ಚೀಟಿಯಲ್ಲಿ ಎಷ್ಟು ಆದೇಶ ಬೇಕಾದರೂ ಬರೆಯಬಹುದು. ಅವರು ಮೊದಲು ಹೆಜ್ಜೆಗಳ ಪಟ್ಟಿ ಮಾಡಿದರು. ನಾನು ಆಟಕ್ಕೆ ಮೊದಲು ಒಂದು ಬೆಂಚನ್ನು ಸ್ವಲ್ಪ ಸರಿಸಿದ್ದೆ, ಪಟ್ಟಿ ಕೆಟ್ಟಿತು. ಮತ್ತೆ ಬರೆಯುವಾಗ ಅವರ ಭಾಷೆಯೇ ಬದಲಾಯಿತು: 'ಮುಂದೆ ನಡೆ. ಬೆಂಚು ತಾಗಿದರೆ ಒಂದು ಹೆಜ್ಜೆ ಹಿಂದೆ ಬಂದು ಎಡಕ್ಕೆ ಎರಡು ಹೆಜ್ಜೆ ಹೋಗು. ಗೋಡೆ ತಾಗಿದರೆ ಬಲಕ್ಕೆ ತಿರುಗು. ಏನೂ ತಿಳಿಯದಿದ್ದರೆ ಅಲ್ಲೇ ನಿಂತು ಚೀಟಿ ಕಳುಹಿಸು.' ಈ ಒಂದೇ ಚೀಟಿಯಿಂದ ನೌಕೆ ಕುರ್ಚಿಯನ್ನು ತಲುಪಿತು.

ಆಟದ ನಂತರ ಎರಡೂ ತಂಡಗಳ ಚೀಟಿಗಳನ್ನು ಪಕ್ಕ ಪಕ್ಕ ಅಂಟಿಸಿ, ವ್ಯತ್ಯಾಸ ಏನು ಎಂದು ಕೇಳಬೇಕು. 'ಇದರಲ್ಲಿ "ಆದರೆ" ಅಂತ ಇದೆ' ಎಂಬ ಉತ್ತರ ಬಂದರೆ ಪಾಠದ ಅರ್ಧ ಮುಗಿದಂತೆ.

ವಿವರಣೆ: ಮಂಗಳಯಾನದ ನಿದರ್ಶನ

ಭಾರತ ಇದುವರೆಗೆ ಹೊರ ಗ್ರಹಗಳಿಗೆ ನೌಕೆ ಕಳುಹಿಸಿಲ್ಲ. ಆದರೆ ಇದೇ ಕೆಲಸವನ್ನು ಸ್ವಲ್ಪ ಕಡಿಮೆ ದೂರದಲ್ಲಿ ನಮ್ಮ ರಾಜ್ಯದಿಂದಲೇ ಮಾಡಲಾಗಿದೆ. ಮಂಗಳಯಾನದ ನಿಯಂತ್ರಣ ನಡೆದದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರದಿಂದ. ಸಂಕೇತ ಕಳುಹಿಸಿ ಸ್ವೀಕರಿಸಿದ್ದು ಬೆಂಗಳೂರು ಬಳಿಯ ಬ್ಯಾಲಾಳುವಿನ 32 ಮೀಟರ್ ವ್ಯಾಸದ ಆಂಟೆನಾ. ಭೂಮಿ ತಿರುಗುವುದರಿಂದ ಒಂದೇ ಜಾಗದ ಆಂಟೆನಾಕ್ಕೆ ನೌಕೆ ದಿನವಿಡೀ ಕಾಣುವುದಿಲ್ಲ. ಅದಕ್ಕಾಗಿ ಅಮೆರಿಕದ ಗೋಲ್ಡ್‌ಸ್ಟೋನ್, ಸ್ಪೇನ್‌ನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾಗಳಲ್ಲಿರುವ ನಾಸಾದ ಆಂಟೆನಾಗಳ ನೆರವೂ ಇತ್ತು. ಭೂಗೋಳವನ್ನು ತಿರುಗಿಸಿ ಆ ಮೂರು ಸ್ಥಳಗಳನ್ನು ಗುರುತಿಸಿದರೆ, ಸುತ್ತಲೂ ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಏಕೆ ಇವೆ ಎಂಬುದು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ನೌಕೆ 2013ರ ನವೆಂಬರ್ 5ರಂದು ಉಡಾವಣೆಯಾಯಿತು. ಡಿಸೆಂಬರ್ 1ರಂದು ಭೂಮಿಯ ಕಕ್ಷೆ ಬಿಟ್ಟ ಮೇಲೆ ಸುಮಾರು 300 ದಿನ ಮುಖ್ಯ ಇಂಜಿನ್ ಉರಿಯಲೇ ಇಲ್ಲ. ಚಿಕ್ಕ ನೋದಕಗಳಿಂದ ಪಥವನ್ನು ಅಲ್ಪಸ್ವಲ್ಪ ತಿದ್ದಿದ್ದು ಬಿಟ್ಟರೆ ಜಡತ್ವದಿಂದಲೇ ಪ್ರಯಾಣ ಸಾಗಿತು. ಹಲಗೆಯ ಮೇಲಿದ್ದ ಮೂರನೇ ತಪ್ಪು ಕಲ್ಪನೆಯನ್ನು ಇಲ್ಲಿ ಮಕ್ಕಳೇ ಅಳಿಸಿದರು.

ನಿಜವಾದ ಪರೀಕ್ಷೆ 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ. ಮಂಗಳದ ಕಕ್ಷೆ ಸೇರಬೇಕಾದರೆ ಇಂಜಿನ್ ಸುಮಾರು 24 ನಿಮಿಷ ಉರಿದು ನೌಕೆಯ ವೇಗ ತಗ್ಗಿಸಬೇಕಿತ್ತು. ಸಂಕೇತ ಒಂದು ಕಡೆ ತಲುಪಲು ಸುಮಾರು 12 ನಿಮಿಷ 28 ಸೆಕೆಂಡು ಬೇಕಿತ್ತು. ದೂರ ಎಷ್ಟು ಎಂದು ಲೆಕ್ಕ ಹಾಕಿಸಿದರೆ ಸುಮಾರು 22.4 ಕೋಟಿ ಕಿ.ಮೀ. ಬರುತ್ತದೆ. ಸಾಲದ್ದಕ್ಕೆ, ಇಂಜಿನ್ ಉರಿಯುತ್ತಿದ್ದಾಗಲೇ ನೌಕೆ ಮಂಗಳದ ಮರೆಗೆ ಹೋಗಿ ಸಂಪರ್ಕವೇ ಇರಲಿಲ್ಲ. 'ಏನೋ ತೊಂದರೆ ಆಗಿದೆ' ಎಂಬ ಸುದ್ದಿ ಇಲ್ಲಿಗೆ ಬಂದು, ಇಲ್ಲಿಂದ ಪರಿಹಾರ ಹೋಗುವಷ್ಟರಲ್ಲಿ 24 ನಿಮಿಷ ಮುಗಿದೇ ಹೋಗಿರುತ್ತದೆ.

ಹಾಗಾಗಿ ಆ ಬೆಳಿಗ್ಗೆ ಯಾರೂ ನೌಕೆಯನ್ನು 'ನಡೆಸಲಿಲ್ಲ'. ಯಾವ ಗಳಿಗೆಯಲ್ಲಿ ಏನು ಮಾಡಬೇಕೆಂಬ ಆದೇಶಗಳನ್ನು ಸೆಪ್ಟೆಂಬರ್ ಮಧ್ಯದಲ್ಲೇ ನೌಕೆಯ ಕಂಪ್ಯೂಟರಿಗೆ ಕಳುಹಿಸಿ ಪರಿಶೀಲಿಸಲಾಗಿತ್ತು. ಸುಮ್ಮನಿದ್ದ ಇಂಜಿನ್ ಮತ್ತೆ ಉರಿಯುತ್ತದೆಯೇ ಎಂದು ನೋಡಲು ಸೆಪ್ಟೆಂಬರ್ 22ರಂದು ಸುಮಾರು 4 ಸೆಕೆಂಡು ಪರೀಕ್ಷೆ ಮಾಡಿದರು. ಮುಖ್ಯ ಇಂಜಿನ್ ಕೈಕೊಟ್ಟರೆ ಎಂಟು ಚಿಕ್ಕ ನೋದಕಗಳನ್ನು ಹೆಚ್ಚು ಹೊತ್ತು ಉರಿಸುವ ಬದಲಿ ಯೋಜನೆಯೂ ಇತ್ತು. ಜಗಲಿಯ ಎರಡನೇ ತಂಡದ ಚೀಟಿಗೂ ಇದಕ್ಕೂ ಇರುವ ಹೋಲಿಕೆಯನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು.

ಕೃತಕ ಉಪಗ್ರಹಗಳ ಈ ಪರಂಪರೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಯು. ಆರ್. ರಾವ್ ನಮ್ಮದೇ ಉಡುಪಿ ಜಿಲ್ಲೆಯ ಅದಮಾರಿನವರು. 1975ರಲ್ಲಿ ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟದ ನಿರ್ಮಾಣ ಅವರ ನೇತೃತ್ವದಲ್ಲಿ ನಡೆಯಿತು. ಈ ಮಾತು ತರಗತಿಯಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಿಲ್ಲ, ಆದರೆ ಬಿಡಬಾರದು.

ದಾರಿ ತಪ್ಪಿದರೆ ಏನು ಮಾಡಬೇಕು?

ಎಲ್ಲ ತೊಂದರೆಗಳನ್ನೂ ಮೊದಲೇ ಊಹಿಸಲು ಆಗುವುದಿಲ್ಲ. ಊಹಿಸದ ತೊಂದರೆ ಬಂದರೆ ನೌಕೆ 'ಸುರಕ್ಷಿತ ಸ್ಥಿತಿ'ಗೆ ಹೋಗುತ್ತದೆ. ಅವಶ್ಯವಲ್ಲದ ಉಪಕರಣಗಳನ್ನು ಆರಿಸುತ್ತದೆ, ವಿದ್ಯುತ್ತನ್ನು ಕಾಪಾಡಿಕೊಳ್ಳುತ್ತದೆ, ಭೂಮಿಯ ಸಂಪರ್ಕ ಸಿಗುವಂತೆ ಇಟ್ಟುಕೊಂಡು ಆದೇಶಕ್ಕೆ ಕಾಯುತ್ತದೆ. ಇದನ್ನು ವಿವರಿಸಲು ಕೋಟೇಶ್ವರದ ಕೊಡಿ ಹಬ್ಬದ ಜನಸಂದಣಿ ಸಾಕಾಯಿತು. ಅಲ್ಲಿ ಕೈ ತಪ್ಪಿದರೆ ಏನು ಮಾಡಬೇಕೆಂದು ಅಮ್ಮ ಹೇಳಿದ್ದಾರೆ ಎಂದು ಕೇಳಿದೆ. 'ತಪ್ಪಿ ಹೋರೆ ನಿಂತಲ್ಲೇ ನಿಲ್ಕ್' ಎಂದು ಅನೇಕರು ಒಟ್ಟಿಗೆ ಹೇಳಿದರು. ಸುರಕ್ಷಿತ ಸ್ಥಿತಿಯ ತತ್ತ್ವ ಅದೇ: ಗೊತ್ತಿಲ್ಲದಾಗ ಸಾಹಸ ಮಾಡಬೇಡ, ಹುಡುಕುವವರಿಗೆ ಸಿಗುವಂತೆ ಇರು.

ಇದಕ್ಕೆ ಪ್ಲುಟೊಗೆ ಹೋದ ನ್ಯೂ ಹೊರೈಜನ್ಸ್ ಒಳ್ಳೆಯ ನಿದರ್ಶನ. 2006ರ ಜನವರಿಯಲ್ಲಿ ಹೊರಟ ಈ ನೌಕೆ 2015ರ ಜುಲೈ 14ರಂದು ಪ್ಲುಟೊ ಪಕ್ಕದಲ್ಲಿ ಹಾದುಹೋಗಬೇಕಿತ್ತು. ಅಲ್ಲಿ ನಿಲ್ಲುವ ಅವಕಾಶ ಇರಲಿಲ್ಲ, ಎರಡನೇ ಅವಕಾಶವೂ ಇರಲಿಲ್ಲ. ಹತ್ತು ದಿನ ಮೊದಲು, ಜುಲೈ 4ರಂದು, ಅದರ ಮುಖ್ಯ ಕಂಪ್ಯೂಟರಿಗೆ ಒಂದೇ ಹೊತ್ತಿಗೆ ಹೆಚ್ಚು ಕೆಲಸ ಬಿದ್ದು ಸಂಪರ್ಕ ಕಡಿಯಿತು. ನೌಕೆ ತಾನಾಗಿಯೇ ಬದಲಿ ಕಂಪ್ಯೂಟರಿಗೆ ಬದಲಾಗಿ, ಸುರಕ್ಷಿತ ಸ್ಥಿತಿಗೆ ಹೋಗಿ ಮತ್ತೆ ಭೂಮಿಗೆ ಸಂಕೇತ ಕಳುಹಿಸಿತು. ಪ್ರತಿ ಪ್ರಶ್ನೋತ್ತರಕ್ಕೂ ಸುಮಾರು 9 ಗಂಟೆ ಹಿಡಿಯುತ್ತಿದ್ದರೂ, ತಂಡ ದೋಷ ಪತ್ತೆ ಮಾಡಿ ಸಮಯಕ್ಕೆ ಸರಿಯಾಗಿ ಎಲ್ಲವನ್ನೂ ಮೊದಲಿನಂತೆ ಮಾಡಿತು. ಪ್ಲುಟೊದ ಚಿತ್ರಗಳು ನಮಗೆ ಸಿಕ್ಕಿದ್ದು ಹಾಗೆ. ಸಂಗ್ರಹಿಸಿದ ಮಾಹಿತಿಯೆಲ್ಲ ಭೂಮಿಗೆ ಬಂದು ಮುಗಿಯಲು 2016ರ ಅಕ್ಟೋಬರ್‌ವರೆಗೆ ಬೇಕಾಯಿತು.

ವಿಸ್ತರಣೆ: ಯಾವುದನ್ನು ಆರಿಸಬೇಕು?

ಎರಡನೇ ಅವಧಿಯ ಮುಖ್ಯ ಚಟುವಟಿಕೆ ಇದು. ಸೂರ್ಯನಿಂದ ದೂರ ಹೋದಂತೆ ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಶನಿ ಭೂಮಿಗಿಂತ ಸುಮಾರು ಒಂಬತ್ತೂವರೆ ಪಟ್ಟು ದೂರ, ಆದ್ದರಿಂದ ಅಲ್ಲಿ ಸಿಗುವ ಬಿಸಿಲು ನಮ್ಮದರ ಸುಮಾರು 90ನೇ ಒಂದು ಭಾಗ. 2016ರಲ್ಲಿ ಗುರುವನ್ನು ತಲುಪಿದ ಜೂನೊ ನೌಕೆ ಬಹಳ ದೊಡ್ಡ ಸೌರಫಲಕಗಳಿಂದ ಕೆಲಸ ನಡೆಸುತ್ತದೆ. ಆದರೆ 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂ ಕ್ಷಯಿಸುವಾಗ ಹೊಮ್ಮುವ ಶಾಖದಿಂದ ವಿದ್ಯುತ್ ಪಡೆಯುತ್ತವೆ. ಆರಂಭದಲ್ಲಿ ಪ್ರತಿ ನೌಕೆಗೆ ಸುಮಾರು 470 ವ್ಯಾಟ್ ಇತ್ತು, ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಇಳಿಯುತ್ತಾ ಬಂದಿದೆ.

ಪ್ರತಿ ಗುಂಪಿಗೆ ಆರು ಕಾರ್ಡ್ ಕೊಟ್ಟೆ. ಸಂಖ್ಯೆಗಳು ತರಗತಿಗಾಗಿ ಮಾಡಿಕೊಂಡವು: ರೇಡಿಯೊ 30, ಹೀಟರ್‌ಗಳು 20, ಕಂಪ್ಯೂಟರ್ 15, ಕ್ಯಾಮೆರಾ 15, ಕಣಗಳ ಮಾಪಕ 12, ಕಾಂತಕ್ಷೇತ್ರ ಮಾಪಕ 8. ಒಟ್ಟು 100. ಈಗ ವಿದ್ಯುತ್ 85ಕ್ಕೆ ಇಳಿದಿದೆ, ಏನು ಆರಿಸುತ್ತೀರಿ? ಮುಂದೆ 65ಕ್ಕೆ ಇಳಿದರೆ?

ಚರ್ಚೆ ನಿರೀಕ್ಷೆಗಿಂತ ಬಿಸಿಯಾಯಿತು. ಒಂದು ಗುಂಪು ರೇಡಿಯೊವನ್ನೇ ಆರಿಸಿ 30 ಉಳಿಸಿತು. 'ಹಾಗಾದರೆ ನೌಕೆ ಕಂಡದ್ದು ನಮಗೆ ತಿಳಿಯುವುದು ಹೇಗೆ?' ಎಂದು ಪಕ್ಕದ ಗುಂಪೇ ಕೇಳಿತು. ಕ್ಯಾಮೆರಾ ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಗ್ರಹಗಳನ್ನೆಲ್ಲ ದಾಟಿದ ಮೇಲೆ ಕತ್ತಲಲ್ಲಿ ಕ್ಯಾಮೆರಾ ನೋಡುವುದೇನು ಎಂಬ ಪ್ರಶ್ನೆ ಬಂದ ಮೇಲೆ ಒಪ್ಪಿದರು. ವಾಯೇಜರ್ 1ರಲ್ಲೂ ಆದದ್ದು ಹಾಗೆಯೇ. 1990ರ ಫೆಬ್ರವರಿ 14ರಂದು ಹಿಂತಿರುಗಿ ಸೌರಮಂಡಲದ ಕೊನೆಯ ಚಿತ್ರಗಳನ್ನು ತೆಗೆದ ಮೇಲೆ ಅದರ ಕ್ಯಾಮೆರಾಗಳನ್ನು ಆರಿಸಲಾಯಿತು.

65ಕ್ಕೆ ಇಳಿದಾಗ ನಿಜವಾದ ಇಕ್ಕಟ್ಟು. ಎರಡೂ ಮಾಪಕಗಳನ್ನು ಆರಿಸಿದರೆ ನೌಕೆ ಉಳಿಯುತ್ತದೆ, ಆದರೆ ವಿಜ್ಞಾನ ಉಳಿಯುವುದಿಲ್ಲ. ಹೀಟರ್ ಆರಿಸಿದರೆ ಉಪಕರಣ ಚಳಿಗೆ ಕೆಡಬಹುದು. 2019ರಲ್ಲಿ ವಾಯೇಜರ್ 2ರ ಕಾಸ್ಮಿಕ್ ಕಿರಣ ಮಾಪಕದ ಹೀಟರನ್ನು ಎಂಜಿನಿಯರ್‌ಗಳು ಆರಿಸಿದರು. ಉಪಕರಣ ಆಮೇಲೂ ಮಾಹಿತಿ ಕಳುಹಿಸುತ್ತಲೇ ಇತ್ತು. ಇದನ್ನು ಮೊದಲೇ ಹೇಳದೆ, ಗುಂಪುಗಳು ತಮ್ಮ ನಿರ್ಧಾರವನ್ನು ಸಮರ್ಥಿಸಿದ ನಂತರ ಹೇಳುವುದು ಒಳ್ಳೆಯದು. ಇಲ್ಲಿ 'ಸರಿ ಉತ್ತರ' ಒಂದೇ ಇಲ್ಲ. ಕಾರಣ ಎಷ್ಟು ಗಟ್ಟಿ ಎಂಬುದನ್ನೇ ಅಳೆಯಬೇಕು.

ಯಂತ್ರವನ್ನು ಮುಟ್ಟಲಾಗದಿದ್ದರೂ ಅದರೊಳಗಿನ ಆದೇಶಗಳನ್ನು ಬದಲಿಸಬಹುದು ಎಂಬುದಕ್ಕೂ ವಾಯೇಜರ್ ಸಾಕ್ಷಿ. 2023ರ ನವೆಂಬರ್‌ನಲ್ಲಿ ವಾಯೇಜರ್ 1 ಅರ್ಥವಿಲ್ಲದ ಮಾಹಿತಿ ಕಳುಹಿಸತೊಡಗಿತು. ಮೆಮೊರಿಯ ಒಂದು ಚಿಪ್ ಕೆಟ್ಟಿತ್ತು. ಅದರಲ್ಲಿದ್ದ ಆದೇಶಗಳನ್ನು ತುಂಡು ಮಾಡಿ ಮೆಮೊರಿಯ ಬೇರೆ ಬೇರೆ ಕಡೆ ಸೇರಿಸಲು 2024ರ ಏಪ್ರಿಲ್ 18ರಂದು ಸಂದೇಶ ಕಳುಹಿಸಿದರು. ಒಂದು ಕಡೆಗೆ ಸುಮಾರು 22 ಗಂಟೆ 30 ನಿಮಿಷ. ಏಪ್ರಿಲ್ 20ರಂದು ಸರಿಯಾದ ಉತ್ತರ ಬಂತು. ಆ ನೌಕೆ ಹೊರಟಾಗ ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಜನ ಈಗ ಅಲ್ಲಿಲ್ಲ. ಹಳಬರು ಬರೆದಿಟ್ಟ ದಾಖಲೆಗಳನ್ನು ಓದಿಯೇ ಹೊಸಬರು ಕೆಲಸ ಮಾಡಬೇಕು.

ಕೊನೆಯಲ್ಲಿ ಮಂಗಳಯಾನದ ಅಂತ್ಯವನ್ನೂ ಹೇಳಬೇಕು. 6 ತಿಂಗಳ ಗುರಿ ಇಟ್ಟುಕೊಂಡಿದ್ದ ನೌಕೆ ಸುಮಾರು 8 ವರ್ಷ ಬದುಕಿತು. ದೀರ್ಘ ಗ್ರಹಣದ ನೆರಳನ್ನು ತಪ್ಪಿಸಲು 2017ರ ಜನವರಿಯಲ್ಲಿ ಸುಮಾರು 20 ಕೆ.ಜಿ. ಇಂಧನ ಬಳಸಿ ಕಕ್ಷೆ ಬದಲಿಸಿದರು, ಉಳಿದದ್ದು 13 ಕೆ.ಜಿ. 2022ರ ಏಪ್ರಿಲ್‌ನಲ್ಲಿ ಒಂದು ದೀರ್ಘ ಗ್ರಹಣದ ನಂತರ ಸಂಪರ್ಕ ತಪ್ಪಿತು, ಅಕ್ಟೋಬರ್‌ನಲ್ಲಿ ಇಸ್ರೊ ಅದು ಮರಳಿ ಸಿಗದು ಎಂದು ತಿಳಿಸಿತು. ಇದನ್ನು 'ಸೋಲು' ಎನ್ನಬೇಕೆ ಎಂದು ಕೇಳಿದಾಗ, ಇಲ್ಲ ಎಂದವರೆಲ್ಲ 6 ತಿಂಗಳು ಮತ್ತು 8 ವರ್ಷಗಳನ್ನು ಹೋಲಿಸಿ ಕಾರಣ ಕೊಟ್ಟರು.

ಮೌಲ್ಯಮಾಪನ

1. ಶನಿಯ ಬಳಿಯ ನೌಕೆಗೆ 'ಎಡಕ್ಕೆ ತಿರುಗು' ಎಂದು ಆದೇಶಿಸಿ, ಅದು ತಿರುಗಿದೆ ಎಂದು ತಿಳಿಯಲು ಕನಿಷ್ಠ ಎಷ್ಟು ಹೊತ್ತು ಬೇಕು?
2. ಮಂಗಳಯಾನ ಕಕ್ಷೆ ಸೇರಿದ ದಿನ ನೇರ ನಿಯಂತ್ರಣ ಏಕೆ ಸಾಧ್ಯವಿರಲಿಲ್ಲ? ಎರಡು ಕಾರಣ ಕೊಡಿ.
3. ನಿಮ್ಮ ಮನೆಯಿಂದ ಶಾಲೆಗೆ ಒಬ್ಬನೇ ಬರುವ ಪುಟ್ಟ ತಮ್ಮನಿಗೆ ಐದು ಷರತ್ತಿನ ಆದೇಶ ಬರೆಯಿರಿ. ಅದರಲ್ಲಿ ಒಂದು 'ಸುರಕ್ಷಿತ ಸ್ಥಿತಿ'ಯ ಆದೇಶ ಇರಲಿ.

ಮೂರನೇ ಪ್ರಶ್ನೆಯ ಉತ್ತರಗಳು ಹೆಚ್ಚು ಹೇಳಿದವು. ಒಬ್ಬ ವಿದ್ಯಾರ್ಥಿ ಬರೆದದ್ದು: 'ಸಂಕದ ಮೇಲೆ ನೀರು ಬಂದಿದ್ದರೆ ದಾಟಬೇಡ. ಅಂಗಡಿಯ ಹತ್ತಿರ ನಿಂತು ಕಾಯಿ. ಅಂಗಡಿ ಮುಚ್ಚಿದ್ದರೆ ಮನೆಗೆ ವಾಪಸ್ ಹೋಗು.' ಷರತ್ತಿನೊಳಗೆ ಇನ್ನೊಂದು ಷರತ್ತು ಇಟ್ಟ ಈ ಉತ್ತರ, ಲೆಕ್ಕದಲ್ಲಿ ಹಿಂದಿರುವ ವಿದ್ಯಾರ್ಥಿಯದು.

ಹೋಲಿಕೆಯ ಮಿತಿ ಮತ್ತು ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆ

ದೋಣಿಯ ಹೋಲಿಕೆ ಆರಂಭಕ್ಕೆ ಒಳ್ಳೆಯದು, ಕೊನೆಯವರೆಗೆ ಎಳೆಯಬಾರದು. ದೋಣಿ ದಡಕ್ಕೆ ಮರಳುತ್ತದೆ, ಹೊರ ಗ್ರಹಗಳ ನೌಕೆ ಮರಳುವುದಿಲ್ಲ. ತಾಂಡೇಲರು ಹೊಸ ಸಂದರ್ಭದಲ್ಲಿ ಹೊಸದಾಗಿ ಯೋಚಿಸುತ್ತಾರೆ, ನೌಕೆ ಬರೆದಿಟ್ಟ ಆಲೋಚನೆಯನ್ನು ಮಾತ್ರ ಪಾಲಿಸುತ್ತದೆ. 'ಯಾರತ್ರ ಕೇಂಬುದ್' ಎಂಬ ಪ್ರಶ್ನೆಗೆ ತರಗತಿ ಕಂಡುಕೊಂಡ ಉತ್ತರವೂ ಇದೇ: ಬೇರೆಯವರು ಅದಕ್ಕಾಗಿ ಮೊದಲೇ ಯೋಚಿಸಿ ಬರೆದಿಟ್ಟದ್ದನ್ನು ಅದು ಕೇಳುತ್ತದೆ.

ಆಟಕ್ಕೆ ಕನಿಷ್ಠ ಇಪ್ಪತ್ತು ನಿಮಿಷ ಮೀಸಲಿಡಿ, ಲೆಕ್ಕವನ್ನು ಅದಕ್ಕಿಂತ ಮೊದಲೇ ಮುಗಿಸಿ. ದೂತ ಕಂಬದ ಬಳಿ ಪೂರ್ತಿ ಒಂದು ನಿಮಿಷ ನಿಲ್ಲಲೇಬೇಕು. ಕಾಯುವ ಬೇಸರವೇ ಇಲ್ಲಿ ಕಲಿಕೆ. ಮಕ್ಕಳು ಕುಂದಾಪ್ರ ಕನ್ನಡದಲ್ಲಿ ಹೇಳಿದ್ದನ್ನು ಮೊದಲು ಹಾಗೆಯೇ ಬರೆದುಕೊಂಡು, ನಂತರ ಪಾರಿಭಾಷಿಕ ಪದ ಸೇರಿಸಿ. 'ನಿಂತಲ್ಲೇ ನಿಲ್ಕ್' ಗೊತ್ತಿದ್ದವರಿಗೆ 'ಸುರಕ್ಷಿತ ಸ್ಥಿತಿ' ಮರೆಯುವುದಿಲ್ಲ.

ನಮ್ಮ ಪಾಠ ಯೋಜನೆಗೂ ಇದರಿಂದ ಒಂದು ಉಪಯೋಗವಿದೆ. ನಾವು ಬರೆಯುವ ಯೋಜನೆಗಳು ಹೆಚ್ಚಾಗಿ ಮೊದಲ ತಂಡದ ಚೀಟಿಯಂತೆ ಇರುತ್ತವೆ: ಇದಾದ ಮೇಲೆ ಇದು. 'ಈ ಪ್ರಶ್ನೆಗೆ ಉತ್ತರ ಬಾರದಿದ್ದರೆ' ಎಂಬ ಒಂದು ಅಂಕಣವನ್ನು ನನ್ನ ಯೋಜನೆಯಲ್ಲಿ ಸೇರಿಸಿಕೊಂಡಿದ್ದೇನೆ. ಬೋಧನಾಭ್ಯಾಸದಲ್ಲಿ ಇರುವ ಇತರರೂ ಒಂದೆರಡು ಪಾಠಗಳಿಗೆ ಇದನ್ನು ಬಳಸಿ ನೋಡಬಹುದು. ಚೀಟಿಗಳ, ಕಾರ್ಡುಗಳ ಒಂದು ಪ್ರತಿಯನ್ನು ಆ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟಿದ್ದೇನೆ, ಮುಂದಿನ ವರ್ಷ ಅಲ್ಲಿಗೆ ಹೋಗುವವರು ಅಲ್ಲಿಂದ ಮುಂದುವರಿಸಲಿ.